ಹಸಿರು ಚೌಕ

ನವೆಂಬರಿನ ಬರ್ನ್ಲಿ.
ರೇಡಿಯೇಟರಿನ ಮೇಲೆ ಒಣಗುತ್ತಿರುವ ಹದಿಮೂರು ಕೈಗವಸು,
ಒಂದಕ್ಕೂ ಜೊತೆಯಿಲ್ಲ.
ಹೊಸ ಹೆಡ್ ಮಿಸೆಸ್ ಎಂಟ್‌ವಿಸಲ್
ಬಾಗಿಲು ತಟ್ಟದೆ ಒಳಗೆ ಬಂದರು.
ಕೈಯಲ್ಲಿ ಕ್ಲಿಪ್‌ಬೋರ್ಡ್ ಇರಲಿಲ್ಲ,
ಅದಕ್ಕೇ ಹೆದರಿದೆ.

ಹಿಂದಿನವರು ಹೀಗಲ್ಲ.
ವರ್ಷಕ್ಕೆರಡು ಸಲ, ಮೊದಲೇ ಇಮೇಲ್ ಮಾಡಿ ಬಂದು,
ಇಪ್ಪತ್ತು ನಿಮಿಷ ನಿಂತು,
'ಗೋಡೆಯ ಬೋರ್ಡು ಬಹಳ ಚೆನ್ನಾಗಿದೆ' ಎಂದು ಹೋಗುತ್ತಿದ್ದರು.
ನಾನೂ ಬೋರ್ಡಿಗೆ ಬಣ್ಣದ ಕಾಗದದ ಅಂಚು ಕತ್ತರಿಸುತ್ತ
ರಾತ್ರಿ ಹನ್ನೊಂದು ಮಾಡುತ್ತಿದ್ದೆ.

ಈಕೆ ಮಕ್ಕಳ ಕುರ್ಚಿಯಲ್ಲಿ
ಮೊಣಕಾಲು ಗಲ್ಲಕ್ಕೆ ತಾಗುವ ಹಾಗೆ
ಕೀರನ್ ಡಕ್‌ವರ್ತ್ ಪಕ್ಕ ಕೂತರು.
ಕೀರನ್‌ಗೆ ಎಂಟು ವರ್ಷ. ನನ್ನ ಕೈಕೆಳಗೆ ಎರಡನೇ ವರ್ಷ.
ಕಂಪ್ಯೂಟರಿನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ
ನಾಲ್ಕು ಚೌಕ, ನಾಲ್ಕೂ ಹಸಿರು.
ಹಸಿರೆಂದರೆ 'ನಿರೀಕ್ಷಿಸಿದಷ್ಟು ಪ್ರಗತಿ'.

'ಈ ಸಾಲು ಓದು ಮರಿ.'
ಅವನು ಚಿತ್ರ ನೋಡಿದ.
ನಾಯಿ, ಬೇಲಿ, ಬೇಲಿಯಲ್ಲೊಂದು ಕಿಂಡಿ.
'ನಾಯಿ ಬೇಲಿ ಹಾರಿತು' ಎಂದ, ಗಟ್ಟಿಯಾಗಿ.
ಪುಸ್ತಕದ ನಾಯಿ ಹಾರಿರಲಿಲ್ಲ,
ಕಿಂಡಿಯಲ್ಲಿ ನುಸುಳಿತ್ತು.
ಅಲ್ಲಿದ್ದ ಪದ ತ್ರೂ.

ತ್ರೂ. ಬರೆಯಲು ಏಳಕ್ಷರ,
ಉಸುರಲು ಒಂದು.
ಬಾಲದ ಅದೇ ನಾಲ್ಕಕ್ಷರ ಟಫ್‌ನಲ್ಲಿ ಫಕಾರ,
ದೋ ಎನ್ನುವಾಗ ಬರೀ ಓಕಾರ,
ತವರಲ್ಲೊಂದು ಹೆಸರು, ಗಂಡನ ಮನೆಯಲ್ಲೊಂದು.
ಕಕ್ಕೆ ಕೊಂಬು ಕೊಟ್ಟರೆ ಕು, ಯಾವ ಊರಲ್ಲೂ ಕು,
ಹಾಗೆ ಕಾಗುಣಿತ ಕಲಿತು ಬಂದವಳು ನಾನು.
ಇದು ಎಷ್ಟು ಕಷ್ಟವೆಂದು
ಈ ಶಾಲೆಯಲ್ಲಿ ನನಗಿಂತ ಬಲ್ಲವರಿಲ್ಲ.
ಬಲ್ಲವಳೇ ಹಾಕಿದ ಹಸಿರು ಅದು.

ಒಮ್ಮೆ ಹಳದಿ ಹಾಕಿದ್ದೆ.
ಹಳದಿಗೊಂದು ಫಾರಂ, ಫಾರಮಿಗೊಂದು ಮೀಟಿಂಗು,
ಮೀಟಿಂಗಿನಲ್ಲಿ ಒಂದೇ ಪ್ರಶ್ನೆ,
'ಇಷ್ಟು ದಿನ ನೀವೇನು ಮಾಡುತ್ತಿದ್ದಿರಿ?'
ಸಂಜೆಗೆ ಮತ್ತೆ ಹಸಿರು.
ಬೇರು ಒಣಗಿದ ಗಿಡದ ಎಲೆಗೆ ಬಣ್ಣ ಬಳಿದ ಹಾಗೆ,
ಬೇಡ, ಹೋಲಿಕೆ ಯಾಕೆ,
ಸುಳ್ಳು ಬರೆದೆ.

ಗಂಟೆ ಹೊಡೆದು ಮಕ್ಕಳು ಹೋದ ಮೇಲೆ
ಬೈಗುಳಕ್ಕೆ ಕಾದೆ.
'ಇವನಿಗೆ ದಿನಕ್ಕೆ ಎಷ್ಟು ಹೊತ್ತು ಬೇಕು?' ಎಂದರು.
ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
'ಇಪ್ಪತ್ತು ನಿಮಿಷ.'
'ಏನನ್ನು ಬಿಟ್ಟರೆ ಸಿಗುತ್ತದೆ?'
ಇದಕ್ಕಂತೂ ಬಾಯೇ ಬರಲಿಲ್ಲ.

ಸೋಮವಾರದ ಮೀಟಿಂಗು ಹೋಯಿತು.
ಬೋರ್ಡಿನ ಅಂಚು ಹೋಯಿತು.
ಮಧ್ಯಾಹ್ನ ಒಂದು ಹತ್ತಕ್ಕೆ ಅವರೇ ಬಂದು
ಉಳಿದ ಇಪ್ಪತ್ತೇಳು ಮಕ್ಕಳನ್ನು ಹಾಲಿಗೆ ಕರೆದೊಯ್ದು
ಕತೆ ಓದುತ್ತಾರೆ. ಓದುವುದು ಅಷ್ಟೇನೂ ಚೆನ್ನಾಗಿಲ್ಲ,
ರಾಕ್ಷಸನಿಗೂ ಇಲಿಗೂ ಒಂದೇ ದನಿ.

ಮಾಡು ಇನ್ನೂ ಸೋರುತ್ತದೆ, ಬಕೆಟ್ ಇಟ್ಟಲ್ಲೇ ಇದೆ.
'ಆರು ವರ್ಷದಲ್ಲಿ ಇದು ನಾಲ್ಕನೆಯ ಹೆಡ್,
ಈಕೆಯೂ ಹೋಗುತ್ತಾಳೆ ಬಿಡಿ' ಅನ್ನುತ್ತಾನೆ
ಪಕ್ಕದ ಕ್ಲಾಸಿನ ಗ್ರಿಮ್‌ಶಾ, ಟೀ ಕಲಕುತ್ತ.
ಹೋಗಬಹುದು.
ಆಡಳಿತ ಮಂಡಳಿಯವರು ಏರುವ ಗೆರೆ ಕೇಳಿದರಂತೆ.
ಈಕೆ ಕೀರನ್‌ನ ನಾಲ್ಕು ಚೌಕ ತೋರಿಸಿದರಂತೆ.
ನಾಲ್ಕನ್ನೂ ಹಿಂದಿನ ದಿನವೇ ಕೆಂಪು ಮಾಡಿದ್ದೆ,
ನನ್ನ ಕೈಯಿಂದ, ನನ್ನ ಹೆಸರಿನಲ್ಲಿ.

ಕೋಟಿನ ಗೂಟಗಳ ಕೆಳಗೆ ಬೆಂಚು.
ಒದ್ದೆ ಉಣ್ಣೆಯ ವಾಸನೆ.
ಫೆಬ್ರವರಿಯ ಒಂದು ಮಂಗಳವಾರ
ಕೀರನ್ ಬೆರಳು ಊರಿ, ನಿಂತು,
ತುಟಿಯಲ್ಲೇ ಎರಡು ಸಲ ಹೇಳಿ ನೋಡಿ,
ತ್ರೂ ಎಂದ.
ನಾಯಿಯನ್ನು ಕಿಂಡಿಯಿಂದ ಆಚೆ ದಾಟಿಸಿದ.

ಆಮೇಲೆ ಬೆರಳು ಹಿಂದಕ್ಕೆ ತಂದು,
ಆ ಬಾಲದ ಮೇಲಿಟ್ಟು ಕೇಳಿದ,
'ಇವು ಮಾತೇ ಆಡುವುದಿಲ್ಲವಲ್ಲ ಮಿಸ್,
ಮತ್ತೆ ಇಲ್ಲಿ ಸುಮ್ಮನೆ ಯಾಕೆ ಕೂತಿವೆ?'

ಬಾಗಿಲಾಚೆ ಕ್ಲಾಸು ಖಾಲಿ.
ಕಿಟಕಿಯ ಪಕ್ಕ, ಕೊನೆಯ ಸಾಲಿನಲ್ಲಿ
ಅವನ ಕುರ್ಚಿ ಕಾಣುತ್ತಿತ್ತು.